ಕ್ರೌನ್ ಬದಲಿಸುವ ಮುನ್ನ: ಬೆಳಗಾವಿ–ಗೋವಾ ಪಿಕಪ್ ಬಂಧುಗಳಿಗೊಂದು ಬಹಿರಂಗ ಪತ್ರ

ಬೆಳಗಾವಿ, ಖಾನಾಪುರ, ಧಾರವಾಡ, ಹುಬ್ಬಳ್ಳಿ ಕಡೆಯಿಂದ ದಿನಬೆಳಗಾದರೆ ಗೋವೆಗೆ ತರಕಾರಿ ತಂದು ಇಳಿಸುವ ಪಿಕಪ್ ಗಾಡಿಗಳ ಮಾಲೀಕರಿಗೆ, ಚಾಲಕರಿಗೆ, ಹಾಗೂ ಗೋವೆಯಲ್ಲೇ ನೆಲೆಯೂರಿ ಬಾಡಿಗೆ ಗಾಡಿ ಓಡಿಸುವ ನನ್ನ ಕನ್ನಡಿಗ ಅಣ್ಣತಮ್ಮಂದಿರಿಗೆ,



ಈಚೆಗೆ ನನ್ನ ಗ್ಯಾರೇಜಿನ ಬಾಗಿಲಿಗೆ ಬರುವ ಹಳೆಯ ಗಾಡಿಗಳವರೆಲ್ಲ ಒಂದೇ ಮಾತು ಹಿಡಿದು ಬರುತ್ತಿದ್ದೀರಿ. "ಮಿಸ್ತ್ರಿ, ಗಾಡಿ ಎವರೇಜ್ ಕೊಡವಲ್ದು. ಕ್ರೌನ್ ಚೇಂಜ್ ಮಾಡಿದ್ರ ಬರತೈತಂತಲ್ಲ, ಮಾಡಿಕೊಡ್ರಿ." ಟಾಟಾ 207 ಇರಲಿ, ಹಳೆಯ ಬೊಲೆರೊ ಪಿಕಪ್ ಇರಲಿ, ಪ್ಯೂಜೋ ಎಂಜಿನ್ನಿನ ಮಹೀಂದ್ರಾ ಜೀಪಿನ ಬೆನ್ನಿಗೆ ಡಬ್ಬಿ ಕಟ್ಟಿಸಿಕೊಂಡದ್ದಿರಲಿ, ಕೇಳುವುದು ಇದನ್ನೇ. ಗೇರ್‌ಬಾಕ್ಸ್ ಮತ್ತು ಹೌಸಿಂಗ್ ಕೆಲಸದಲ್ಲೇ ತಲೆ ನೆರೆತವನು ನಾನು. ಕ್ರೌನ್ ಬದಲಿಸಿಕೊಟ್ಟರೆ ನನಗೆ ನಾಲ್ಕು ಕಾಸು ಸಿಗುತ್ತದೆ. ಆದರೂ ನಿಮ್ಮಲ್ಲಿ ಬಹುಪಾಲು ಜನರಿಗೆ ಬೇಡ ಎನ್ನುತ್ತಿದ್ದೇನೆ. ಒಬ್ಬೊಬ್ಬರಿಗೂ ಗಾಡಿಯ ಕೆಳಗೆ ಮಲಗಿಕೊಂಡೇ ವಿವರಿಸಲು ಆಗುವುದಿಲ್ಲ. ಅದಕ್ಕೇ ಈ ಪತ್ರ.

ಮೊದಲು ನಿಮ್ಮ ಆಸೆಗೆ ಕೊಡಬೇಕಾದ ನ್ಯಾಯ ಕೊಡುತ್ತೇನೆ. ಕ್ರೌನ್ ಬದಲಾವಣೆ ಸುಳ್ಳು ವಿದ್ಯೆಯಲ್ಲ. ಹಿಂದಿನ ಆಕ್ಸಲ್ಲಿನ ಹೌಸಿಂಗಿನಲ್ಲಿರುವ ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 8 ಹಲ್ಲು ಇದೆ ಎಂದಿಟ್ಟುಕೊಳ್ಳಿ. ಆಗ ಗಾಲಿ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಪಿಕಪ್ಪಿನ ಮಾಮೂಲಿ 15 ಇಂಚಿನ ಟೈರು ಒಂದು ಸುತ್ತಿಗೆ ಹತ್ತಿರಹತ್ತಿರ 2.2 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ಲೆಕ್ಕದಲ್ಲಿ ತಿರುಗುವ ನಾಲ್ಕನೇ ಗೇರಿನಲ್ಲಿ ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,330 ಸುತ್ತು ತಿರುಗುತ್ತದೆ. ಪಿನಿಯನ್ 10 ಹಲ್ಲಿನದಾದರೆ, ಅಂದರೆ ನಾವು ಹೇಳುವ ಉದ್ದ ಕ್ರೌನ್ ಆದರೆ, ಅದೇ ವೇಗಕ್ಕೆ 1,860 ಸುತ್ತು ಸಾಕು. ಐದರಲ್ಲಿ ಒಂದು ಪಾಲು ಕಡಿಮೆ. ಎಂಜಿನ್ನಿನ ಒಳತಿಕ್ಕಾಟ ಇಳಿಯುತ್ತದೆ, ಸದ್ದು ತಗ್ಗುತ್ತದೆ, ಡೀಸೆಲೂ ಸ್ವಲ್ಪ ಉಳಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ವಾಹನ ಕಂಪನಿಗಳೂ ಹಿಡಿದದ್ದು ಇದೇ ದಾರಿ.

ಆದರೆ ಸುತ್ತು ಐದರಲ್ಲಿ ಒಂದು ಪಾಲು ಇಳಿದರೆ ಡೀಸೆಲೂ ಅಷ್ಟೇ ಇಳಿಯುತ್ತದೆ ಎಂದು ಹೇಳುವವನು ನಿಮ್ಮ ಜೇಬಿನ ಮೇಲೆ ಕಣ್ಣಿಟ್ಟವನು. ಗಾಳಿಯನ್ನು ಸೀಳುವ ಕೆಲಸ, ಟೈರು ಉರುಳಿಸುವ ಕೆಲಸ, ಹೇರನ್ನು ಎಳೆಯುವ ಕೆಲಸ ಯಾವ ಕ್ರೌನ್ ಹಾಕಿದರೂ ಅಷ್ಟೇ ಇರುತ್ತದೆ. ಉಳಿಯುವುದು ಎಂಜಿನ್ ಒಳಗೇ ವ್ಯರ್ಥವಾಗುತ್ತಿದ್ದುದರಲ್ಲಿ ಒಂದಿಷ್ಟು ಮಾತ್ರ.

ಈಗ ನಿಮ್ಮ ದಾರಿಗೆ ಬರುತ್ತೇನೆ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟು ಇಳಿದು ಕೇರಿ, ಸಾಂಖಳಿ ಮೇಲೆ ಮಾಪ್ಸಾ ಸೇರುವವರೂ, ಲೋಂಡಾ, ರಾಮನಗರ, ಅನಮೋಡ ದಾಟಿ ಮೋಲೆಂಗೆ ಇಳಿದು ಫೋಂಡಾ, ಮಡಗಾಂವ್ ಸೇರುವವರೂ ಹೇರು ತುಂಬಿಕೊಂಡು ಇಳಿಯುತ್ತೀರಿ, ಹೆಚ್ಚಾಗಿ ಖಾಲಿ ಗಾಡಿಯಲ್ಲಿ ಹತ್ತುತ್ತೀರಿ. ಗೋವೆಯ ಅಡುಗೆಮನೆಗಳ ಟೊಮೆಟೊ, ಎಲೆಕೋಸು, ಬದನೆ, ಹಸಿಮೆಣಸು ಬಹುಪಾಲು ನಿಮ್ಮ ಬೆನ್ನೇರಿಯೇ ಬರುತ್ತದೆ. ಇಲ್ಲಿನ ತೋಟಗಾರಿಕಾ ನಿಗಮದ ಅಂಗಡಿಗಳಿಗೂ ಬೆಳಗಾವಿಯ ಮಾಲೇ ಆಧಾರ.

ಕ್ರೌನ್ ಬದಲಿಸಬೇಕೆನ್ನುವವರ ವಾದವೂ ಇಲ್ಲೇ ಹುಟ್ಟುತ್ತದೆ. "ಹತ್ತುವಾಗ ಗಾಡಿ ಖಾಲಿ ಇರತೈತಿ, ಎಳೆತ ಯಾಕ ಬೇಕು? ಹೇರು ಇಳೀತೈತಿ, ಅದು ತಾನಾ ಉರುಳತೈತಿ." ಬುದ್ಧಿವಂತ ಮಾತು. ತೂಗಿ ನೋಡಿದರೆ ಇದರಷ್ಟು ಅಪಾಯದ ಮಾತು ಇನ್ನೊಂದಿಲ್ಲ.

ಹೇರು ಸೇರಿ ಮೂರು ಟನ್ ತೂಗುವ ಗಾಡಿ ಘಾಟಿನ ತುದಿಯಿಂದ ಬುಡಕ್ಕೆ ಸುಮಾರು 700 ಮೀಟರ್ ಇಳಿಯುವಾಗ ಹೊರಬೀಳುವ ಶಕ್ತಿ ಎಷ್ಟು ಗೊತ್ತೆ? 70 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸುವಷ್ಟು. ಅದರಲ್ಲೊಂದು ಪಾಲನ್ನು ಟೈರು, ಗಾಳಿ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ಹಿಡಿದು ನುಂಗಬೇಕು, ಇಲ್ಲವೇ ನಿಮ್ಮ ಬ್ರೇಕ್ ನುಂಗಬೇಕು. ಮೂರನೆಯ ದಾರಿ ಇಲ್ಲ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನ ಹಾಗೆ ಗಾಳಿಯ ದಾರಿಯನ್ನು ಮುಚ್ಚುವ ಥ್ರಾಟಲ್ ಇಲ್ಲದ್ದರಿಂದ ಅದರ ಹಿಡಿತ ಮೊದಲೇ ಕಡಿಮೆ. ಸುತ್ತು ಏರಿದಾಗಲೇ ಅದು ಗಾಡಿಯನ್ನು ಹಿಂದಕ್ಕೆ ಹಿಡಿಯುವುದು. ನೀವು ಉದ್ದ ಕ್ರೌನ್ ಹಾಕಿಸಿದರೆ ಹಿಂದೆ ಎರಡನೇ ಗೇರಿನಲ್ಲಿ ಗಟ್ಟಿಯಾಗಿ ಹಿಡಿಯುತ್ತಿದ್ದ ತಿರುವಿನಲ್ಲಿ ಈಗ ಅದೇ ಎರಡನೇ ಗೇರು ಕೈಬಿಡುತ್ತದೆ, ಕಾಲು ಬ್ರೇಕಿನ ಮೇಲೆ ಹೋಗುತ್ತದೆ, ಹೋದ ಕಾಲು ಅಲ್ಲೇ ಉಳಿಯುತ್ತದೆ.

ಅಂಥದ್ದೊಂದು ಗಾಡಿ ಕೇರಿಯಿಂದ ಎಳೆಸಿಕೊಂಡು ನನ್ನಲ್ಲಿಗೆ ಬಂದಿತ್ತು. ಹುಡುಗ ಗುಜರಿಯಿಂದ ಕ್ರೌನ್–ಪಿನಿಯನ್ ತಂದು ಎಲ್ಲೋ ಹಾಕಿಸಿಕೊಂಡಿದ್ದ. ಹಿಂದಿನ ಡ್ರಮ್ ಬಿಚ್ಚಿದಾಗ ಒಳಗಿನ ಕಬ್ಬಿಣ ನೀಲಿಗಟ್ಟಿತ್ತು, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. ಲೈನರಿನ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು, ಉಗುರಿನಿಂದ ಕೆರೆದರೆ ಕರಿಪುಡಿ ಉದುರುತ್ತಿತ್ತು. ವೀಲ್ ಸಿಲಿಂಡರಿನ ರಬ್ಬರು ಬೆಂದು ಅಂಚು ಸುರುಳಿಯಾಗಿತ್ತು. ಹುಡುಗನ ಪುಣ್ಯ, ಗಾಡಿ ಗುಡ್ಡದ ಕಡೆಯ ಗಟಾರಕ್ಕೆ ಒರಗಿ ನಿಂತಿತ್ತು. ಕಣಿವೆಯ ಕಡೆ ಹೋಗಿದ್ದರೆ ಡ್ರಮ್ ನೋಡುವ ಕೆಲಸ ನನಗೆ ಬರುತ್ತಿರಲಿಲ್ಲ.

ಇನ್ನೊಂದು ಮಾತು, ಬ್ರೇಕ್ ಆಯಿಲಿನದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಗೋವೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಆಯಿಲು ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಈಗ ಬರುವುದು ನಿಮ್ಮಲ್ಲಿ ಕೆಲವರು ಕೋಪ ಮಾಡಿಕೊಳ್ಳುವ ವಿಷಯ. ಡೀಸೆಲ್ ಉಳಿಸಲೆಂದು ಘಾಟಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುತ್ತೀರಿ. ದಯವಿಟ್ಟು ಕೇಳಿ: ಇದರಿಂದ ಡೀಸೆಲ್ ಉಳಿಯುವುದಿಲ್ಲ. ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಸುತ್ತು ಐಡ್ಲಿಂಗಿಗಿಂತ ಮೇಲಿರುವಷ್ಟು ಹೊತ್ತು ಹಳೆಯ ಪಂಪಿನ ಗವರ್ನರ್ ಆದರೂ, ಹೊಸ ಗಾಡಿಯ ಕಂಪ್ಯೂಟರ್ ಆದರೂ ಡೀಸೆಲ್ಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಉಳಿಸಲು ಪಂಪು ಮತ್ತೆ ಡೀಸೆಲ್ ಕೊಡಲು ಶುರುಮಾಡುತ್ತದೆ. ಅಂದರೆ ಪ್ರಾಣ ಒತ್ತೆಯಿಟ್ಟು ನೀವು ಡೀಸೆಲ್ ಖರ್ಚು ಮಾಡುತ್ತಿದ್ದೀರಿ. ಚಾವಿಯನ್ನೇ ತಿರುಗಿಸಿ ಎಂಜಿನ್ ಆರಿಸಿ ಇಳಿಯುವ ಧೀರರೂ ಇದ್ದಾರೆ. ನಿಮ್ಮ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುವ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ಆರಿದ ಮೇಲೆ ಎರಡು ಮೂರು ಸಲ ಬ್ರೇಕ್ ಒತ್ತುವುದರೊಳಗೆ ಪೆಡಲ್ ಕಲ್ಲಾಗುತ್ತದೆ.

ಹಾಗಾದರೆ ಎವರೇಜ್ ಹೋಗಿದ್ದು ಎಲ್ಲಿ? ನನ್ನ ಅನುಭವದಲ್ಲಿ ಹಳೆಯ ಗಾಡಿಯ ಡೀಸೆಲ್ಲನ್ನು ತಿನ್ನುವುದು ಹಲ್ಲಿನ ಲೆಕ್ಕವಲ್ಲ, ಎಲ್ಲೋ ಹಿಡಿದುಕೊಂಡಿರುವ ಭಾಗ. ಊರೊಳಗೆ ಹತ್ತು ಹದಿನೈದು ಕಿಲೋಮೀಟರ್ ಸಮತಟ್ಟಿನಲ್ಲಿ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ನಾಲ್ಕೂ ಗಾಲಿಯ ಹಬ್ಬಿನ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಸಾಕು. ಒಂದು ಗಾಲಿ ಮಿಕ್ಕವುಗಳಿಗಿಂತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಅಂಥ ಒಂದು ಗಾಲಿಯನ್ನು ಸರಿ ಮಾಡಿದರೆ ಸಿಗುವ ಎವರೇಜ್ ಎಷ್ಟೋ ಸಲ ಕ್ರೌನ್ ಬದಲಿಸಿ ಸಿಗುವುದಕ್ಕಿಂತ ಹೆಚ್ಚು.

ಆಮೇಲೆ ಕ್ಲಚ್. ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಪ್ಲೇಟು ಜಾರುತ್ತಿದೆ, ಡೀಸೆಲ್ ಶಾಖವಾಗಿ ಹೋಗುತ್ತಿದೆ. ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಳ್ಳುವ ಅಭ್ಯಾಸವೂ ಇದಕ್ಕೆ ಕಾರಣ. ಟೈರಿನ ಗಾಳಿ ತಂಪಿದ್ದಾಗ ನೋಡಿಸಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಸೆಂಟರ್ ಬೇರಿಂಗ್ ಸಡಿಲಾಗಿದ್ದರೆ ಗಾಡಿ ನಡುಗುತ್ತದೆ, ಅದೂ ನಷ್ಟವೇ.

ಹೌಸಿಂಗಿನ ಆಯಿಲನ್ನು ಮಾತ್ರ ಯಾರೂ ನೋಡುವುದಿಲ್ಲ. ಮೋಲೆಂನಿಂದ ಫೋಂಡಾವರೆಗೆ ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಬಂದ ಗಾಡಿಗಳ ಡ್ರೇನ್ ಬೋಲ್ಟು ಬಿಚ್ಚಿದರೆ ಹಾಲು ಹೆಚ್ಚಾದ ಚಹಾದಂಥದ್ದು ಸುರಿಯುತ್ತದೆ. ಬಿಸಿ ಹೌಸಿಂಗ್ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರಿನಿಂದ, ಸವೆದ ಸೀಲಿನಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರ್ ಮಣ್ಣು ಕಟ್ಟಿ ಮುಚ್ಚಿದ್ದರೆ ಸೀಲಿನ ಮೇಲೆಯೇ ಪೂರ್ತಿ ಭಾರ. ಮಳೆಗಾಲ ಮುಗಿದೊಡನೆ ಒಂದು ಸಲ ಆ ಆಯಿಲು ಬದಲಿಸಿ. ಕ್ರೌನ್ ಹೌಸಿಂಗಿಗೆ ಹಾಕುವ ಜಿಎಲ್-5 ಆಯಿಲನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ. ಹಳೆಯ ಗೇರ್‌ಬಾಕ್ಸಿನ ಹಿತ್ತಾಳೆ ಉಂಗುರಗಳಿಗೆ ಅದು ಆಗಿಬರುವುದಿಲ್ಲ, ಕಂಪನಿ ಪುಸ್ತಕದಲ್ಲಿ ಬರೆದ ದರ್ಜೆಯನ್ನೇ ಹಾಕಿ. "ಸ್ವಲ್ಪ ಜಾಸ್ತಿ ಇರಲಿ" ಎಂದು ತುಂಬಬೇಡಿ. ಹೆಚ್ಚಾದ ಆಯಿಲನ್ನು ಕಡೆಯುವುದಕ್ಕೂ ಡೀಸೆಲ್ ಬೇಕು.

ಇಷ್ಟು ಮಾಡಿ, ಆಮೇಲೆ ಎವರೇಜ್ ಅಳೆಯಿರಿ. ಅಳೆಯುವುದರಲ್ಲೂ ಮೋಸವಿದೆ. ಗೋವೆಗೆ ಇಳಿಯುವಾಗ ಹಾಕಿದ ಡೀಸೆಲ್ ನೋಡಿ ಹಿಗ್ಗಬೇಡಿ, ಹತ್ತುವಾಗಿನದು ನೋಡಿ ಕುಗ್ಗಬೇಡಿ. ಖಾಲಿ ಗಾಡಿಯನ್ನು ಘಾಟಿನ ಎತ್ತರಕ್ಕೆ ಎತ್ತುವುದಕ್ಕೇ ಒಂದು ಲೀಟರಿನಷ್ಟು ಬೇಕು, ದಾರಿಯ ಖರ್ಚು ಬೇರೆ. ಒಂದೇ ಪಂಪಿನಲ್ಲಿ ಟ್ಯಾಂಕು ತುಂಬಿಸಿ, ಹೋಗಿ ಬಂದು ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ. ಕಿಲೋಮೀಟರನ್ನು ಮೀಟರಿನಿಂದಲ್ಲ, ಫೋನಿನ ಮ್ಯಾಪಿನಿಂದಲೋ ರಸ್ತೆಯ ಕಲ್ಲಿನಿಂದಲೋ ತೆಗೆದುಕೊಳ್ಳಿ. ಯಾಕೆಂದರೆ ಹಳೆಯ ಗಾಡಿಯಲ್ಲಿ ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸಿನಿಂದ ಬರುತ್ತದೆ, ಹೌಸಿಂಗಿನಲ್ಲಿ ನೀವೇನು ಬದಲಿಸಿದ್ದೀರಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮೇಲೆ ಹೇಳಿದ 8 ಹಲ್ಲಿನ ಬದಲು 10 ಹಲ್ಲಿನ ಪಿನಿಯನ್ ಹಾಕಿದರೆ ಗಾಡಿ 125 ಕಿಲೋಮೀಟರ್ ಓಡಿದಾಗ ಮೀಟರು 100 ತೋರಿಸುತ್ತದೆ. ಮುಳ್ಳು 60 ಎಂದರೆ ನೀವು 75ರಲ್ಲಿದ್ದೀರಿ. ಸಣ್ಣ ಟೈರು ಹಾಕಿದವರಿಗೆ ತಿರುಗುಮುರುಗು: ಮೀಟರು ಹೆಚ್ಚು ಓಡಿ ಎವರೇಜ್ ಏರಿದಂತೆ ಕಾಣುತ್ತದೆ. ಹೀಗೆ ಏರಿದ ಎವರೇಜಿನ ಕಥೆಗಳನ್ನು ಹೋಟೆಲಿನ ಮುಂದೆ ಎಷ್ಟು ಕೇಳಿದ್ದೇನೋ!

ಬದಲಾವಣೆ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಗೋವೆಯೊಳಗೇ, ಮಾಪ್ಸಾದಿಂದ ಪಣಜಿ, ಮಡಗಾಂವ್‌ವರೆಗೆ ಹಗುರ ಮಾಲು ಹಾಕಿಕೊಂಡು ಹೆದ್ದಾರಿ 66ರ ಮೇಲೆ ಒಂದೇ ವೇಗದಲ್ಲಿ ಓಡುವವರು ಯೋಚಿಸಬಹುದು. ಕಾಣಕೋಣದ ಕಡೆಗೆ ಹೋಗುವವರು ಕರಮಲ್ ಘಾಟನ್ನು ಲೆಕ್ಕಕ್ಕೆ ಹಿಡಿಯಿರಿ. ಹಿಂದಿರುಗುವಾಗ ಮೀನು, ಐಸು, ತೆಂಗಿನಕಾಯಿ ಹೇರಿಕೊಂಡು ಹತ್ತುವವರು ಆಸೆ ಬಿಡಿ. ಉದ್ದ ಕ್ರೌನಿನಲ್ಲಿ ಮೊದಲ ಗೇರೂ ಉದ್ದವಾಗುತ್ತದೆ, ತಿರುವಿನಲ್ಲಿ ನಿಂತ ಗಾಡಿ ಎಬ್ಬಿಸಲು ಅರ್ಧ ಕ್ಲಚ್ ಸುಡಬೇಕಾಗುತ್ತದೆ.

ಘಾಟಿನವರಿಗೆ ನಿಜಕ್ಕೂ ಹೊಂದುವುದು ಬೇರೆ ಇದೆ. ನಾಲ್ಕೇ ಗೇರಿನ ಹಳೆಯ ಗಾಡಿ ಇದ್ದರೆ, ಅದೇ ಎಂಜಿನ್ನಿಗೆ ಕಂಪನಿಯೇ ಮುಂದೆ ಕೊಟ್ಟ ಐದು ಗೇರಿನ ಡಬ್ಬಿ ಸಿಗುವುದಾದರೆ, ಖರ್ಚು ಅಲ್ಲಿ ಮಾಡಿ. ಕ್ರೌನ್ ಬದಲಿಸಿದರೆ ರಿವರ್ಸ್ ಸೇರಿ ಎಲ್ಲ ಗೇರೂ ಉದ್ದವಾಗುತ್ತವೆ. ಐದನೇ ಗೇರು ಬಂದರೆ ಬೈಲಿನ ರಸ್ತೆಗೆ ಎಂಜಿನ್ ಸುತ್ತು ಇಳಿಯುತ್ತದೆ, ಕೆಳಗಿನ ಗೇರುಗಳ ಹಿಡಿತ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹೊಸ ಡಬ್ಬಿಯ ಎರಡನೇ, ಮೂರನೇ ಗೇರಿನ ಲೆಕ್ಕ ಮೊದಲೇ ಕೇಳಿಕೊಳ್ಳಿ. ಪ್ರೊಪೆಲ್ಲರ್ ಶಾಫ್ಟ್ ಅಳತೆ, ಡಬ್ಬಿಯ ಕೂರಿಸುವಿಕೆ, ಕ್ಲಚ್ ಪ್ಲೇಟಿನ ಹಲ್ಲು ಎಲ್ಲ ಹೊಂದಬೇಕು, ಅರ್ಧ ದಿನದ ಕೆಲಸವಲ್ಲ. ಐದನೇ ಗೇರು ಸಿಕ್ಕಿತೆಂದು ಹೇರು ಗಾಡಿಯನ್ನು ನಲವತ್ತರ ವೇಗದಲ್ಲಿ ಅದರಲ್ಲೇ ಎಳೆಸಬೇಡಿ. ಎಂಜಿನ್ ಕರಿಹೊಗೆ ಉಗುಳುತ್ತಾ ಡಬಡಬ ಬಡಿದುಕೊಂಡರೆ ಉಳಿದ ಡೀಸೆಲ್ ಬೇರಿಂಗಿನ ಬಿಲ್ಲಿನಲ್ಲಿ ಹೋಗುತ್ತದೆ. ಎಂಜಿನ್ನನ್ನೇ ಬದಲಿಸುವ ಯೋಚನೆ ಇದ್ದವರು ಆರ್‌ಟಿಒ ಅನುಮತಿ ಇಲ್ಲದೆ ಕೈ ಹಾಕಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೆ.

ಇಷ್ಟಾದರೂ ಕ್ರೌನ್ ಬದಲಿಸಲೇಬೇಕೆಂದರೆ ಗುಜರಿಯಲ್ಲಿ ಒಂದು ಕಡೆ ಕ್ರೌನ್, ಇನ್ನೊಂದು ಕಡೆ ಪಿನಿಯನ್ ಆರಿಸಬೇಡಿ. ಅವೆರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಜೋಡಿಯ ನಂಬರು ಕೊರೆದಿರುತ್ತದೆ. ಕೂರಿಸುವಾಗ ನೀವೇ ಪಕ್ಕದಲ್ಲಿ ನಿಂತು ನೋಡಿ. ಮಿಸ್ತ್ರಿ ಹಲ್ಲಿಗೆ ನೀಲಿ ಬಣ್ಣ ಬಳಿದು ಕೈಯಿಂದ ತಿರುಗಿಸಬೇಕು. ಹಲ್ಲಿನ ನಡುವೆ ಮೊಟ್ಟೆಯಾಕಾರದ ಗುರುತು ಮೂಡಬೇಕು. ಗುರುತು ತುದಿಗೆ ಹೋದರೆ, ಬುಡಕ್ಕೆ ಹೋದರೆ ಶಿಮ್ ತೆಗೆದು ಹಾಕಿ ಮತ್ತೆ ನೋಡಬೇಕು. ಡಯಲ್ ಗೇಜ್ ಇಲ್ಲದೆ "ಕೈಗೆ ಗೊತ್ತಾಗತೈತಿ" ಎನ್ನುವವರಲ್ಲಿ ಈ ಕೆಲಸ ಬೇಡ. ನಾಲ್ಕು ಗಾಲಿ ಎಳೆಯುವ ಗಾಡಿಯಾದರೆ ಮುಂದಿನ ಹೌಸಿಂಗಿಗೂ ಅದೇ ಲೆಕ್ಕದ್ದು ಹಾಕಬೇಕು, ಇಲ್ಲವಾದರೆ ಹಿಂದು ಮುಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸು ಒಡೆಯುತ್ತದೆ. ಹಳೆಯ ಜೋಡಿಯನ್ನು ಗ್ರೀಸ್ ಬಳಿದು ಗೋಣಿಚೀಲದಲ್ಲಿ ಕಟ್ಟಿಟ್ಟುಕೊಳ್ಳಿ, ಬೇಕಾಗುತ್ತದೆ.

ಕೊನೆಯದಾಗಿ ಮಾಲೀಕರಿಗೆ, ಕೈಮುಗಿದು ಒಂದು ಮಾತು. ನಿಮ್ಮಲ್ಲಿ ಹಲವರು ಚಾಲಕನಿಗೆ ಟ್ರಿಪ್ಪಿಗೆ ಇಷ್ಟೇ ಲೀಟರ್ ಎಂದು ಲೆಕ್ಕದ ಡೀಸೆಲ್ ಕೊಡುತ್ತೀರಿ. ಹೆಚ್ಚಾದರೆ ಅವನ ಪಗಾರದಿಂದ ಮುರಿಯುತ್ತೀರಿ, ಉಳಿದರೆ ಅವನದು. ನ್ಯೂಟ್ರಲ್‌ನಲ್ಲಿ ಇಳಿಯುವ ಹುಡುಗನಿಗೆ ಬುದ್ಧಿ ಇಲ್ಲವೆಂದಲ್ಲ. ಪಗಾರ ಮುರಿಯುವ ಭಯದಲ್ಲಿ ಅವನಿಗೆ ಹಾಗೆ ಇಳಿದರೆ ಉಳಿಯುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದಾರೆ. ಬ್ರೇಕ್ ಲೈನರಿಗೆ ದುಡ್ಡು ಕೇಳಿದಾಗ "ಮುಂದಿನ ತಿಂಗಳು ನೋಡೋಣು" ಎನ್ನುವವರೂ ನೀವೇ. ಚೋರ್ಲಾ, ಅನಮೋಡದ ಟ್ರಿಪ್ಪುಗಳಿಗೆ ಈ ಲೆಕ್ಕದ ಡೀಸೆಲ್ ಪದ್ಧತಿ ನಿಲ್ಲಿಸಿ. ತುಂಬಿಸಿದ ಲೆಕ್ಕ ಬರೆಯಿರಿ, ಎವರೇಜ್ ಬಿದ್ದರೆ ಚಾಲಕನನ್ನು ಬೈಯುವ ಮೊದಲು ಗಾಲಿ ಎತ್ತಿಸಿ ತಿರುಗಿಸಿ ನೋಡಿ. ಬ್ರೇಕ್ ಆಯಿಲ್ ವರ್ಷಕ್ಕೊಮ್ಮೆ ನಿಮ್ಮ ಖರ್ಚಿನಲ್ಲಿ ಬದಲಿಸಿ. ಬರುವ ಮಳೆಗಾಲಕ್ಕೆ ಮೊದಲೇ ಇದನ್ನು ಶುರುಮಾಡಬೇಕೆಂದು ವಿನಂತಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹೌಸಿಂಗ್ ಮಿಸ್ತ್ರಿ
ಫೋಂಡಾ, ಗೋವಾ